ಹೆಳವ ಒಯ್ದ ಹೆಸರು

ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ತುಂಬಿದ ಭೀಮಾ ನದೀನ ಎರಡೂ ಕಂಕುಳಾಗ ಒಂದೊಂದು ಹೋರಿಗರ ಹಿಡಕೊಂಡು ಈಜಿದ್ದ. ನೋಡಿದವರು ಯಾರೂ ಈಗ ಉಳದಿಲ್ಲ, ಹಂಗಾಗಿ ನೀವು ನಂಬಲೇಬೇಕು.

ಮೊಮ್ಮಗ ಹುಟ್ಟಿದಾಗ ಸೊಸಿ ಕೇಳಿದಳು, "ಕೂಸಿಗೆ ಅವರದೇ ಹೆಸರು ಇಡೋಣ್ರಿ ಮಾವಾ. ಏನಿತ್ರಿ ಅವರ ಹೆಸರು?"

ಅದು ನನಗೂ ಗೊತ್ತಿರಲಿಲ್ಲ. ಹಿರೇರ ಹೆಸರು ಹಿಡಿದು ಕರೆಯೋ ಪದ್ಧತಿ ನಮ್ಮನ್ಯಾಗಿಲ್ಲ. ಮುತ್ಯಾ ಅಂದ್ರ ಮುತ್ಯಾ, ಅಷ್ಟೇ.

ನಮ್ಮ ವಂಶದ ಹೆಸರೆಲ್ಲ ಗೊತ್ತಿದ್ದವ ಒಬ್ಬನೇ, ಎತ್ತಿನ ಮ್ಯಾಲೆ ಬಂದು ಹಿರೇರನ್ನೆಲ್ಲ ಹಾಡಿ ಹೊಗಳಿ ಜೋಳ ಇಸಕೊಂಡು ಹೋಗತಿದ್ದ ಹೆಳವ. ಅಂವ ಬರೋದು ನಿಂತು ಭಾಳ ವರ್ಷ ಆಗಿತ್ತು. ಆಳಂದದಾಗ ಬಸ್ ಹತ್ತಿ, ಜೇವರ್ಗಿ ಕಡೆ ಅವನ ಊರು ಹುಡುಕ್ಕೊಂಡು ಹೋದೆ.

"ಹೆಳವರ ಸಾಬಣ್ಣನ ಮನಿ ಇದೇ ಏನವ್ವಾ?"

"ಹೌದ್ರಿ. ಮಾವ ತೀರಕೊಂಡು ವರ್ಷಾತ್ರಿ," ಅಂದಳು ಅವನ ಸೊಸಿ.

"ನಮ್ಮ ಮನೆತನದ್ದು ಎಲ್ಲ್ಯರ ಬರೆದಿಟ್ಟಾನೇನು?"

"ಎಲ್ಲಾ ಬಾಯಾಗೇ ಇತ್ರಿ ಅಜ್ಜಾ. ಮಕ್ಕಳು ಯಾರೂ ಕಲೀಲಿಲ್ಲ."

ಆಕಿ ಕೊಟ್ಟ ಚಹಾ ಆರೂತನಕ ಕೈಯಾಗೇ ಹಿಡಕೊಂಡು ಅವರ ಮನಿ ಕಟ್ಟಿ ಮ್ಯಾಲೆ ಕುಂತೆ. ಭೀಮಾ ದಾಟಿದ ನಮ್ಮ ಮುತ್ಯಾ ಆ ಕಟ್ಟಿ ಮ್ಯಾಲೆ ಮುಳುಗಿಹೋದ.

ಕೂಸಿನ್ನ ತೊಟ್ಟಿಲದಾಗ ಹಾಕಿ ಹೆಸರಿಡೋ ದಿನ ಎಲ್ಲಾರೂ ನನ್ನ ಮಾರಿ ನೋಡಿದರು. "ಸಾಬಣ್ಣ," ಅಂದೆ ಗಟ್ಟಿಯಾಗಿ.

ನನ್ನ ಹೇಣ್ತಿ ಕಿವಿಯಾಗ ಅಂದಳು, "ಅದು ಆ ಹೆಳವನ ಹೆಸರಲ್ಲೇನ್ರಿ?"

"ಇರಲಿ ಬಿಡು. ನಮ್ಮ ಮಂದೀನೆಲ್ಲ ಅಂವ ಬಾಯಾಗ ಇಟಗೊಂಡಿದ್ದ. ಅವನೊಬ್ಬನ್ನರ ನಾವು ಇಟಗೊಳ್ಳೋಣು."