ಗಂಜಿ ಹಚ್ಚಿದ ಟ್ಯಾಬ್

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಸಂಕೋಚವಿಲ್ಲದೆ ಬರೆಯುತ್ತೇನೆ, ಅದಕ್ಕೆ ಪಟ್ಟ ಪಾಡು ನನಗೆ ಗೊತ್ತು. ಮೊಳಕಾಲ್ಮೂರಿನ ನಮ್ಮ ನಡುಮನೆ ತುಂಬ ಮಗ್ಗ. ಅದರ ಸದ್ದಿನಲ್ಲೇ ಓದಿ ಪಾಸಾದೆ. ಬೇರೆ ಕೆಲಸ ಸಿಗುವವರೆಗೆ ಎಂದುಕೊಂಡು ಸೀರೆ ಅಂಚಿನ ಡಿಸೈನ್ ಬರೆಯಲು ಕೂತೆ, ಅದೇ ನನ್ನ ಕೆಲಸವಾಯಿತು. ಗ್ರಾಫ್ ಹಾಳೆಯ ಚೌಕಗಳಲ್ಲಿ ಒಂದೊಂದೇ ಮನೆ ತುಂಬುತ್ತಾ ಹೋಗಬೇಕು. ಒಂದು ಮನೆ ಎಂದರೆ ಮಗ್ಗದಲ್ಲಿ ಒಂದು ಎಳೆ. ಇಲ್ಲಿ ಒಂದು ಮನೆ ತಪ್ಪಿದರೆ ಅಲ್ಲಿ ಸೀರೆಯ ಉದ್ದಕ್ಕೂ ಅದೇ ತಪ್ಪು. ಕಣ್ಣು ಸೋಲತೊಡಗಿದಾಗ, ಮನೆಗಳನ್ನು ದೊಡ್ಡದು ಮಾಡಿಕೊಂಡು ಬರೆಯಲೆಂದು, ಟ್ಯೂಷನ್ ಹೇಳಿ ಉಳಿಸಿದ ದುಡ್ಡಿನಲ್ಲಿ ಚಳ್ಳಕೆರೆಯಿಂದ ಒಂದು ಟ್ಯಾಬ್ ತಂದೆ.

ಅದರ ಸ್ಕ್ರೀನಿನ ಬಲಗಡೆ ಒಂದು ಪಟ್ಟಿ ಸತ್ತಿತ್ತು. ಬೆರಳಗಲದ್ದು, ಮೇಲಿನಿಂದ ಕೆಳಗಿನವರೆಗೆ. ಮೊದಲ ದಿನದಿಂದಲೇ ಇತ್ತೋ ಏನೋ, ಡಿಸೈನ್ ಅಲ್ಲಿಯವರೆಗೆ ಬೆಳೆದಾಗ ಗೊತ್ತಾಯಿತು. ಅಲ್ಲಿ ಮುಟ್ಟಿದರೆ ತೆಗೆದುಕೊಳ್ಳುವುದಿಲ್ಲ, ಪಕ್ಕದ ಮನೆಗಳು ಮಾತ್ರ ಯಾರೂ ಮುಟ್ಟದಿದ್ದರೂ ತಾವಾಗಿ ತುಂಬಿಕೊಳ್ಳುತ್ತವೆ. ಅಪ್ಪನಿಗೆ ತೋರಿಸಲು ಎಡದಿಂದ ಬಲಕ್ಕೆ ಹತ್ತಾರು ಗೆರೆ ಎಳೆದೆ. ಎಲ್ಲವೂ ಒಂದೇ ಕಡೆ ತುಂಡಾದವು.

ಅಪ್ಪ ಕನ್ನಡಕ ಏರಿಸಿ ನೋಡಿದ. "ಎಳೆ ಹೋಗೈತಲ್ಲವ್ವಾ! ಇದನ್ನ ನೋಡ್ದಂಗೇ ಹೊರಗೆ ಕಳಿಸಿದ್ರಾ? ಬೆಳಕಿಗೆ ಹಿಡಿಯೋರು ಒಬ್ರೂ ಇರ್ಲಿಲ್ವಾ ಆ ಕಂಪನಿಯಾಗೆ?"

ಆ ತುಂಡು ಗೆರೆಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ.

ನಮ್ಮ ಮನೆಯಲ್ಲೊಂದು ಪದ್ಧತಿ. ಮಗ್ಗದಿಂದ ಇಳಿದ ಸೀರೆಯನ್ನು ಬಾಗಿಲ ಬೆಳಕಿನಲ್ಲಿ ಹರವಿ ನೋಡುತ್ತೇವೆ. ತಪ್ಪು ಕಂಡರೆ ಅಲ್ಲಿ ಬೇರೆ ಬಣ್ಣದ ತುಂಡು ಎಳೆಯನ್ನು ಗಂಜಿಯಲ್ಲಿ ಅದ್ದಿ ಅಂಟಿಸುತ್ತೇವೆ, ಕೊಳ್ಳುವ ಸಾಹುಕಾರರು ಹುಡುಕಬೇಕಾಗಬಾರದು ಎಂದು. ನೇಯ್ದವನು ತನ್ನ ತಪ್ಪನ್ನು ಮುಚ್ಚಿಡುವುದೆಂದರೆ ಅಪ್ಪನಿಗೆ ಕಳ್ಳತನವೇ. ಮರುದಿನ ಬೆಳಗ್ಗೆ ಅಂಗಡಿಗೆ ಹೊರಡಲು ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಟ್ಯಾಬಿಗೂ ಹಾಗೆಯೇ ಮಾಡಿ, ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಟ್ಟಿದ್ದ. ಅದನ್ನು ನಾನು ಬಿಚ್ಚಿದ್ದು ಚಳ್ಳಕೆರೆಯ ಅಂಗಡಿಯ ಸರ್ವೀಸ್ ಕೌಂಟರಿನ ಮೇಲೆ. ಸತ್ತ ಪಟ್ಟಿಯ ಉದ್ದಕ್ಕೂ ಕೆಂಪು ರೇಷ್ಮೆ ಎಳೆ, ಅದರ ಮೇಲೆ ಒಣಗಿದ ಗಂಜಿ.

ಕೌಂಟರಿನವರು ಎಳೆಯನ್ನು ಉಗುರಿನಿಂದ ಕಿತ್ತು ಮೂಸಿದರು. "ಏನ್ ಮೇಡಂ, ಇದಕ್ಕೂ ಅಂಬ್ಲಿ ಕುಡಿಸಿದ್ದೀರಾ?" ಹಿಂದೆ ಕೂತು ಫೋನ್ ಬಿಚ್ಚುತ್ತಿದ್ದ ಇಬ್ಬರು ನಕ್ಕರು.

"ಗಂಜಿರಿ. ನಾವು ಮಗ್ಗದೋರು. ತಪ್ಪೆಲ್ಲೈತೆ ಅಂತ ನಿಮಗೆ ಗೊತ್ತಾಗ್ಲಿ ಅಂತ ನಮ್ಮಪ್ಪ ಹಚ್ಚಿದ್ದು."

"ಹಂಗಾದ್ರೆ ನೀರು ಹೋಗೈತೆ ಒಳಗೆ. ವಾರಂಟಿ ಬರಲ್ಲ ಬಿಡಿ."

ಒಂದು ಗಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅವನು ಮಾಡಿದ್ದು ಪ್ರಾಮಾಣಿಕ ಕೆಲಸ ಎಂದು ನೆನಪಾಗಿ, ಆ ಸಿಟ್ಟು ಹೋಗಬೇಕಾದ ಕಡೆಗೆ ತಿರುಗಿತು. ಫೋನ್ ತೆಗೆದು ಮುಂದೆ ಹಿಡಿದೆ. "ಗಂಜಿ ಹಚ್ಚಿದ್ದು ಇವತ್ತು. ಈ ಫೋಟೋ ನಿನ್ನೇದು, ತಾರೀಖು ನೋಡ್ರಿ. ಇದ್ರಾಗೆ ಗಂಜಿ ಎಲ್ಲೈತೆ?"

"ಮಗ್ಗದೋರ ಬೆರಳು ಒರಟು ಮೇಡಂ, ಟಚ್ ತಗೊಳಲ್ಲ."

"ನಿಮ್ದು ನುಣ್ಣಗೈತಲ್ಲ. ನೀವೇ ಎಳೀರಿ."

ಎಳೆದರು. ತುಂಡು. ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಎಳೆದರು. ಅಲ್ಲೇ ತುಂಡು. ಆದರೂ ಅವರು ರಿಪೇರಿಯ ಜಾಬ್ ಶೀಟ್ ತುಂಬಿ ನನ್ನ ಮುಂದೆ ಸರಿಸಿದರು. "ಸೈನ್ ಮಾಡಿ. ಫಾರ್ಮಾಲಿಟಿ ಅಷ್ಟೇ."

ಅಪ್ಪನಿಗೆ ಸಹಿ ಬರುತ್ತದೆ, ಓದು ಬಾರದು. ಫಾರ್ಮಾಲಿಟಿ ಎಂದವರ ಕಾಗದಕ್ಕೆಲ್ಲ ಸಹಿ ಹಾಕಿಕೊಂಡು ಬಂದವನು. ಸಾಹುಕಾರರ ಗೋದಾಮಿನಲ್ಲಿ ಇಲಿ ಕಡಿದ ಸೀರೆಯೂ ಒಮ್ಮೆ ಅವನ ಸಹಿಯಿಂದಲೇ ಅವನ ತಪ್ಪಾಗಿತ್ತು. ನಾನು ಶೀಟನ್ನು ಪೂರ್ತಿ ಓದಿದೆ. ಗ್ರಾಹಕರ ಕೈಯಲ್ಲಿ ನೀರು ಬಿದ್ದು ಹಾಳಾಗಿದೆ ಎಂದು ಇಂಗ್ಲಿಷಿನಲ್ಲಿತ್ತು.

"ಇದಕ್ಕೆ ನಾನು ಸೈನ್ ಹಾಕಲ್ಲ."

"ಹಾಕ್ದಿದ್ರೆ ಟ್ಯಾಬ್ ತಗೊಳಲ್ಲ."

"ಬ್ಯಾಡ್ರಿ. ಇಲ್ಲೇ ಕೂತು ಬಂದೋರಿಗೆಲ್ಲ ಗೆರೆ ಎಳೆದು ತೋರಿಸ್ತೀನಿ."

ಬೆಂಚಿನ ಮೇಲೆ ಕೂತೆ. ಫೋನ್ ರಿಪೇರಿಗೆ ಬಂದ ಅಜ್ಜಿಯೊಬ್ಬರು ಬೆರಳಾಡಿಸಿ, "ಅಯ್ಯ, ನಡುವೆ ಕಾಲುವೆ ಬಂದೈತಲ್ಲೇ! ನನ್ನ ಗೆರೆ ದಾಟ್ತಾನೇ ಇಲ್ಲ," ಎಂದು ನಕ್ಕರು. ಪಕ್ಕದಲ್ಲಿ ಉಳ್ಳಾರ್ತಿ ಕಡೆಯ ರೈತರೊಬ್ಬರು ಮಗಳ ಓದಿಗೆಂದು ಇದೇ ನಮೂನೆಯ ಟ್ಯಾಬ್ ಕೊಳ್ಳುತ್ತಿದ್ದರು. ಅವರೂ ಬಗ್ಗಿ ನೋಡಿದರು.

"ನಂದೂ ಇಲ್ಲೇ ಬಿಚ್ಚಪ್ಪಾ," ಎಂದರು ಅಂಗಡಿಯವರಿಗೆ. "ಗೆರೆ ಎಳೆದೇ ತಗೊಂಡು ಹೋಗ್ತೀನಿ."

ಅಂಗಡಿಯವರು ಸೀಲ್ ಒಡೆದರು. ಗೆರೆ ಎಳೆದದ್ದು ಆ ರೈತರೇ. ಹೊಚ್ಚ ಹೊಸ ಟ್ಯಾಬ್, ಬಲಗಡೆ ಅದೇ ಜಾಗದಲ್ಲಿ ತುಂಡು.

"ಇದಕ್ಕೆ ಯಾರು ಗಂಜಿ ಕುಡಿಸಿದ್ರು?" ಎಂದು ಕೇಳಿ, ಹೆಗಲ ಮೇಲಿನ ಟವೆಲ್ ಕೊಡವಿ ಅವರು ಟ್ಯಾಬ್ ಕೊಳ್ಳದೆ ಹೊರಟೇಬಿಟ್ಟರು.

ಆಮೇಲೆ ಹಿಂದೆ ಕೂತವರು ಯಾರೂ ನಗಲಿಲ್ಲ. ಕೌಂಟರಿನವರು ಹಳೆಯ ಶೀಟ್ ಹರಿದು ಹೊಸದನ್ನು ಬರೆದರು. ಎರಡು ತಿಂಗಳ ಮೇಲೆ ನನಗೆ ಬೇರೆ ಟ್ಯಾಬ್ ಸಿಕ್ಕಿದ್ದು ಆ ಕಾಗದದಿಂದಲೇ. ಆದರೆ ಅಂದು ಆ ಕೌಂಟರಿನ ಮುಂದೆ ನನ್ನ ತಲೆಯಲ್ಲಿ ಟ್ಯಾಬ್ ಇರಲಿಲ್ಲ, ಕಾಗದದ ಮೇಲಿನ ಮಾತಷ್ಟೇ ಇತ್ತು. ಓದಿದೆ. ತಯಾರಿಕೆಯ ದೋಷವಿದೆ, ಗ್ರಾಹಕರು ಹೇಳಿದ ಪ್ರಕಾರ, ಎಂದು ಬರೆದಿದ್ದರು.

"ಕೊನೇ ಮಾತು ಹೊಡೆದು ಹಾಕ್ರಿ," ಎಂದೆ. "ನಾನು ಹೇಳಿದ ಪ್ರಕಾರ ಅಲ್ಲ. ನಿಮ್ಮ ಬೆರಳೇ ಎಳೆದು ನೋಡೈತೆ."

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಆ ಮಾತಿನ ಮೇಲೆ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ತಮ್ಮ ಸಹಿ ಮಾಡಿದರು. ಅದಾದ ಮೇಲೆ ನಾನು ಪೆನ್ನು ತೆಗೆದುಕೊಂಡೆ.