ಬಾಯಿಗೆ ಬಾರದ ಕಬ್ಬಿಣ

ಬುರುಲ್‌ಳ ಮಾವನ ಹೆಸರು ತೆಮಿರ್. ಕಿರ್ಗಿಜ್ ಮಾತಿನಲ್ಲಿ ಕಬ್ಬಿಣಕ್ಕೂ ತೆಮಿರ್ ಎಂದೇ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹಾಗಾಗಿ ಈ ಮನೆಗೆ ಕಾಲಿಟ್ಟಂದಿನಿಂದ ಅವಳ ಬಾಯಲ್ಲಿ ಕಬ್ಬಿಣವೆಂದರೆ ‘ಗಟ್ಟಿಯದು’. ಊರಿನ ಹಳೆಯ ಸೊಸೆಯಂದಿರೆಲ್ಲ ಹೀಗೆ ಒಂದೊಂದು ಮಾತು ನುಂಗಿಕೊಂಡೇ ಬಾಳಿದವರು. ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ತಂದದ್ದು ಫೋನಿನಲ್ಲಿ ಬಂದ ಪುಕ್ಕಟೆ ಪಾಠ.

ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಕಲಿಯಬಹುದು ಎಂದು ಅದರ ಮೊದಲ ಪುಟದಲ್ಲೇ ಬರೆದಿತ್ತು. ಬರೆದ ಪುಣ್ಯಾತ್ಮರು ಹಸು ಕರೆದು, ಸಗಣಿ ಬಾಚಿ, ಕುರಿ ಹಿಂದೆ ಬೆಟ್ಟಕ್ಕೆ ಹೊರಟ ಗಂಡನಿಗೆ ರೊಟ್ಟಿ ಕಟ್ಟಿಕೊಟ್ಟು, ಆಮೇಲೆ ಸಿಗ್ನಲ್ಲಿಗಾಗಿ ಹುಲ್ಲಿನ ಬಣವೆ ಹತ್ತಿದವರಲ್ಲ. ಬಸುರಿ ಬಾಣಂತಿಯರ ಆರೈಕೆಯ ಪಾಠ ಅದು, ಅವಳದೇ ಭಾಷೆಯಲ್ಲಿ. ಜೊತೆಗೆ ಸೇರಿದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟರು. ಬುರುಲ್ ಬಿಡಲಿಲ್ಲ. ಪಾಸಾದರೆ ಊರಿನ ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ನಿನಗೇ ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದಳು. ಕೊಟ್ಟಿಗೆಯ ಆಚೆ ತನಗೂ ಒಂದು ಕುರ್ಚಿ ಬೇಕೆಂಬುದು ಅವಳ ಆಸೆ, ದೊಡ್ಡ ಆಸೆಯೇನಲ್ಲ.

ಕೊನೆಯ ಪರೀಕ್ಷೆ ಬಾಯಿಮಾತಿನದು. ಬಸುರಿಗೆ ರಕ್ತ ಕಡಿಮೆಯಾದರೆ ಏನು ಮಾಡಬೇಕೆಂದು ಫೋನಿನಲ್ಲಿ ಹೇಳಿ, ದನಿ ಮುದ್ರಿಸಿ ಕಳಿಸಬೇಕು. ಎಲ್ಲೋ ಕೂತ ಬೇರೆ ವಿದ್ಯಾರ್ಥಿಗಳು ಕೇಳಿ ಅಂಕ ಹಾಕುತ್ತಾರೆ. ಒಮ್ಮೆ ಶುರುವಾದದ್ದನ್ನು ಅಳಿಸುವಂತಿಲ್ಲ, ಬೇರೆಯವರ ದನಿ ಕೇಳಿಸುವಂತಿಲ್ಲ. ಒಟ್ಟು ಮೂರು ಅವಕಾಶ. ಮೊದಲ ಸಲ ಅವಳು, ರಕ್ತಕ್ಕೆ ಗಟ್ಟಿಯದು ಬೇಕು, ಕುರಿಯ ಈಲಿಯ ಮಾಂಸದಲ್ಲಿ ಗಟ್ಟಿಯದು ಇರುತ್ತದೆ ಎಂದಳು. ಪಟ್ಟಣದ ಯಾವನೋ ಹುಡುಗ ಸೊನ್ನೆ ಹಾಕಿ ಬರೆದ: “ಅಕ್ಕಾ, ಗಟ್ಟಿಯದು ಅಂದ್ರೆ ಏನು, ಕಲ್ಲಾ? ಬಸುರಿ ಹೆಂಗಸ್ರಿಗೆ ಕಲ್ಲು ತಿನ್ನಿಸ್ತೀರಾ?” ಎರಡನೆಯ ಸಲ ಕಬ್ಬಿಣಕ್ಕೆ ರಷ್ಯನ್ ಪದ ಹಾಕಿದಳು. ಉತ್ತರ ಪೂರ್ತಿ ಕಿರ್ಗಿಜಿನಲ್ಲೇ ಇರಬೇಕೆಂದು ಅದೂ ಬಿದ್ದುಹೋಯಿತು.

ವಿಷಯ ಮಾವನ ಕಿವಿಗೆ ಬಿತ್ತು. ಮುದುಕ ನಕ್ಕುಬಿಟ್ಟ.

“ಹೇಳೇ ತಾಯಿ. ನೀ ಕರೆದ ಮಾತ್ರಕ್ಕೆ ನನ್ ಹೆಸರು ಸವೆದುಹೋಗುತ್ತಾ? ನಾನು ಅಂಗಳದಲ್ಲಿ ಕೂತಿರ್ತೀನಿ, ನನ್ನ ಮುಖಾನೂ ಕಾಣಲ್ಲ.”

ಮೂರನೆಯ ಸಲ ಅಡುಗೆಮನೆಯ ಕಿಟಕಿಯ ಬಳಿ ಕೂತು ಬುರುಲ್ ಶುರುಮಾಡಿದಳು. ಸುಸ್ತು, ತಲೆಸುತ್ತು, ಬಿಳಚಿದ ಕಣ್ಣು, ಎಲ್ಲ ಸರಾಗವಾಗಿ ಬಂತು. ರಕ್ತಕ್ಕೆ ಬೇಕಾದದ್ದು ಎಂದವಳು ಅಲ್ಲೇ ನಿಂತಳು. ಹೇಳಬೇಕೆಂದೇ ಕೂತವಳು, ತುಟಿ ತೆರೆದಿತ್ತು, ನಾಲಿಗೆ ಏಳಲಿಲ್ಲ. ಮಾವನ ಮೇಲೂ ಅಲ್ಲ, ಆ ಹುಡುಗನ ಮೇಲೂ ಅಲ್ಲ, ತನ್ನ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು. ಫೋನು ಕೇಳಿಸಿಕೊಳ್ಳುತ್ತಲೇ ಇತ್ತು.

ಅಂಗಳದಲ್ಲಿದ್ದ ಮುದುಕನಿಗೆ ಆ ಮೌನ ತಡೆಯಲಾಗಲಿಲ್ಲ. ಎದ್ದು ಬಂದು ಕಿಟಕಿಯಲ್ಲಿ ತಲೆ ತೂರಿಸಿ, ಶಾಲೆಯ ಮಗುವಿನ ಹಾಗೆ ಸ್ಪಷ್ಟವಾಗಿ ಹೇಳಿದ:

“ತೆಮಿರ್.”

ಮಾರನೆಯ ದಿನ ಉತ್ತರ ಬಂತು. ಬೇರೆಯವರ ದನಿ ಕೇಳಿಸಿದೆ, ಅವಕಾಶಗಳು ಮುಗಿದಿವೆ. ಬುರುಲ್ ಫೋನನ್ನು ಜೇಬಿಗಿಳಿಸಿ ಹಿಟ್ಟು ನಾದಲು ಕೂತಳು. ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ. ಮಾವ ಬಂದು ಎದುರಿಗೆ ಕೂತ. ಅವಳ ಕೈಗಳನ್ನು ನೋಡುತ್ತ ಕೇಳಿದ:

“ನಾ ಹೇಳಿದ್ದು ತಪ್ಪಾಯ್ತೇನಮ್ಮ?”

“ಇಲ್ಲ ಮಾವ. ನೀವು ಹೇಳಿದ್ದೇ ಸರಿ ಉತ್ತರ.”