ಬಾಡಿಗೆದಾರನ ಹೆಂಡತಿಗೆ ಅಣ್ಣನಾದ ನನ್ನ ಗಂಡ

ನನ್ನ ಗಂಡನಿಗೆ ಒಡಹುಟ್ಟಿದ ತಂಗಿಯರಿಲ್ಲ, ಇಬ್ಬರು ತಮ್ಮಂದಿರು ಮಾತ್ರ. ಅರವತ್ತು ಹತ್ತಿರವಾದಾಗ, ತೇನಿಯಲ್ಲಿ ಒಂದು ಮನೆ ಕೊಂಡ ಮೇಲೆ, ಅವರಿಗೆ ಒಬ್ಬಳು ತಂಗಿ ಹುಟ್ಟಿದಳು. ಬಾಡಿಗೆಗೆಂದು ಬಂದವಳು ತಂಗಿಯಾಗಿ ಉಳಿದಳು. ಬಾಡಿಗೆ ನಿಂತುಹೋಯಿತು.

ಮನೆ ಕೊಂಡಿದ್ದು ನನ್ನ ದುಡ್ಡಿನಲ್ಲಿ. ಆಂಡಿಪಟ್ಟಿ ಕಡೆಯ ಅಪ್ಪನ ಹೊಲ ಮಾರಿದಾಗ ಬಂದ ನನ್ನ ಪಾಲಿನ ಮೇಲೆ ಒಂದಿಷ್ಟು ಬ್ಯಾಂಕಿನ ಸಾಲ ಸೇರಿಸಿ ಕೊಂಡೆವು. ಮದುವೆಯಾಗಿ ಹನುಮಂತನಪಟ್ಟಿಗೆ ಬಂದಂದಿನಿಂದ ನಾನು ಹಿರಿಸೊಸೆ, ಎಂದರೆ ಹನ್ನೊಂದು ಜನರಿಗೆ ಅಡುಗೆಯವಳು. ಅತ್ತೆ, ಮೈದುನರು, ಓರಗಿತ್ತಿಯರು, ಅವರ ಮಕ್ಕಳು. ಒಬ್ಬರಿಗೆ ಖಾರ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ದ್ರಾಕ್ಷಿ ಕೊಯ್ಯುವ ದಿನ ಆಳುಗಳ ಊಟವೂ ನನ್ನ ತಲೆಗೇ. ನಾನು ಬೇಡಿದ್ದು ಒಂದೇ, ಯಾರೂ ಬಂದು ಮುಚ್ಚಳ ತೆಗೆದು ನೋಡದ ನನ್ನದೇ ಒಂದು ಅಡುಗೆಮನೆ. ತೇನಿಯ ಮನೆಯಲ್ಲಿ ಅದು ಇತ್ತು. ಪೂರ್ವಕ್ಕೆ ಕಿಟಕಿ, ಕಿಟಕಿಯಾಚೆ ಒಂದು ನುಗ್ಗೆಮರ. ಮನೆ ನೋಡಲು ಹೋದ ದಿನ ನಾನು ಬೇರೆ ಕೋಣೆಗಳಿಗೆ ಕಾಲೇ ಇಡಲಿಲ್ಲ.

"ಒಂದು ವರ್ಸ ವಾಡಗೆಗೆ ಬಿಡಾಣ. ಸಾಲ ಕಮ್ಮಿ ಆಗ್ತದೆ. ಆಮ್ಯಾಲೆ ನಾವಿಬ್ರೂ ಓಗಿ ಕೂತ್ಕಳಾಣ," ಅಂದರು ಗಂಡ.

ಆಗ ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಬಾಡಿಗೆಯ ಹುಚ್ಚು ಹಿಡಿದಿತ್ತು. ತಮಿಳುನಾಡಿನಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದ ನಮ್ಮ ಜನದ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಎದ್ದರೆ ದೇವರ ಪಟ, ಅದರ ಕೆಳಗೆ ಮಾರಾಟಕ್ಕಿರುವ ಸೈಟಿನ ಪಟ. ಮನೆಗೆ ಔಷಧಿ ಹೊಡೆಯುವುದು ಬೇಡ, ಬೂದಿರೋಗ ಬರುವುದಿಲ್ಲ, ಕೂತಲ್ಲೇ ಫಸಲು ಎಂದು ದ್ರಾಕ್ಷಿ ಬೆಳೆಯುವ ಗಂಡಸರು ಟೀ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದರು. ತೋಟ ಗುತ್ತಿಗೆಗೆ ಕೊಡುವಾಗ ಹತ್ತು ಸಲ ಯೋಚಿಸುವವರು ಇವರೇ.

ಮನೆ ಕೇಳಿಕೊಂಡು ಮೊದಲು ಬಂದವರು ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನಲ್ಲಿ ಕೆಲಸಕ್ಕಿರುವವರು. ನಮ್ಮವರಲ್ಲ ಎಂದು ನನ್ನ ಗಂಡ ಅವರನ್ನು ಕಳಿಸಿದರು. ಆಮೇಲೆ ಬಂದ ನರ್ಸಮ್ಮ ಮುಂಗಡವನ್ನು ಕೈಯಲ್ಲೇ ಹಿಡಿದು ಬಂದಿದ್ದಳು. ಗಂಡಸಿಲ್ಲದ ಮನೆ ಎಂದು ಅವಳನ್ನೂ ಕಳಿಸಿದರು. ಮೂರನೆಯವನು ವೇದಸಂದೂರಿನವನು, ಮಿಲ್ಲುಗಳ ಹತ್ತಿ ನೂಲಿನ ದಲ್ಲಾಳಿ. ಹೆಂಡತಿ, ಅವನ ತಾಯಿ, ಒಬ್ಬಳು ಮಗಳು. ಬಾಗಿಲಲ್ಲಿ ತಮಿಳಿನಲ್ಲಿ ಶುರುಮಾಡಿದವನು ನನ್ನ ಗಂಡ ನನ್ನೊಡನೆ ಆಡಿದ ಕನ್ನಡ ಕೇಳಿ ಕನ್ನಡಕ್ಕೆ ಹೊರಳಿದ. ಅಷ್ಟಕ್ಕೇ ಇವರ ಮುಖ ಊರಗಲವಾಯಿತು.

ಲೋಕದಲ್ಲಿ ಮನೆ ಕೊಡುವವರು ಸಂಬಳ ಕೇಳುತ್ತಾರೆ, ಆಧಾರ್ ಕಾರ್ಡು ಕೇಳುತ್ತಾರೆ. ನಮ್ಮ ಜನ ಕೇಳುವುದು ಕುಲವನ್ನು, ಎಂದರೆ ಜಾತಿಯೊಳಗಿನ ಬೆಡಗನ್ನು. ಇವರು ಅವನ ಕುಲ ಕೇಳಿದರು. ಅಲ್ಲಿಗೆ ನಿಲ್ಲದೆ ಅವನ ಹೆಂಡತಿ ಹುಟ್ಟಿದ ಕುಲವನ್ನೂ ಕೇಳಿದರು. ನಮ್ಮದೇ ಕುಲ. ಒಂದೇ ಕುಲದಲ್ಲಿ ಹುಟ್ಟಿದ ಗಂಡು ಹೆಣ್ಣು ನಮ್ಮಲ್ಲಿ ಅಣ್ಣ ತಂಗಿ, ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಸರಿ. ಆ ಹೆಂಗಸು ತಡಮಾಡದೆ ಬಗ್ಗಿ ಇವರ ಕಾಲು ಮುಟ್ಟಿ, "ಅಣ್ಣಾ, ನನಗೆ ಕೂಡ ಉಟ್ಟಿದೋರು ಯಾರೂ ಇಲ್ಲ," ಅಂದಳು. ಇವರ ಕಣ್ಣು ಒದ್ದೆಯಾಯಿತು. ಕರಾರು ಪತ್ರದ ಮಾತು ನಾನೆತ್ತಿದೆ. "ತಂಗಿ ಅತ್ರ ಯಾರಾದ್ರೂ ಪತ್ರ ಬರಿಸ್ಕಂತಾರಾ?" ಎಂದು ನನ್ನನ್ನೇ ಗದರಿದರು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಕೆಲವು ತಿಂಗಳು ಬಾಡಿಗೆ ಬಂತು. ಆಮೇಲೆ ಮಿಲ್ಲಿನಲ್ಲಿ ಮಾಲು ನಿಂತಿದೆ ಎಂಬ ಸುದ್ದಿ ಬಂತು, ಆಮೇಲೆ ಸುದ್ದಿಯೂ ಬರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಹೊರಟ ಇವರು ಸಂಜೆ ತೇಗುತ್ತಾ ಬಂದರು. ತಂಗಿ ನಾಟಿಕೋಳಿ ಸಾರು ಮಾಡಿದ್ದಳಂತೆ. ಮುಂದಿನ ಸಲ ಹೋದಾಗ ಮಟನ್. ಬಾಡಿಗೆದಾರನನ್ನು ಇವರು ಮಾಪ್ಳೆ ಎನ್ನತೊಡಗಿದ್ದರು, ತಮಿಳಿನವರು ಮನೆ ಅಳಿಯನನ್ನು ಕರೆಯುವಂತೆ. ನಮ್ಮ ಹೆಣ್ಣು ತಂದವನ ಎದುರು ನಾವು ದನಿ ಎತ್ತುವಂತಿಲ್ಲ. ಹೀಗೆ ಬಾಕಿ ಇಟ್ಟವನು ಕುರ್ಚಿಯಲ್ಲಿ ಕೂತ, ಮನೆಯ ಯಜಮಾನ ನಿಂತು ವೀಳ್ಯದ ತಟ್ಟೆ ಹಿಡಿದ. ಒಂದು ವರ್ಷ ಎಂದದ್ದು ಹೋಗಿ ಮೂರನೆಯದು ನಡೆಯುತ್ತಿತ್ತು. ನಾನು ಇನ್ನೂ ಹನ್ನೊಂದು ಜನರ ಒಲೆಯ ಮುಂದೆಯೇ ಇದ್ದೆ.

ಕೊನೆಗೆ ನಾನು ಊಟ ಬಿಟ್ಟು ಕೂತಾಗ, ಈ ಸಲ ಖಾಲಿ ಮಾಡು ಎಂದು ಹೇಳಿಯೇ ಬರುತ್ತೇನೆಂದು ಹೋದರು. ಬರುವಾಗ ಕೈಯಲ್ಲಿ ಆಮಂತ್ರಣ ಪತ್ರಿಕೆ. ಬಾಡಿಗೆದಾರನ ಮಗಳು ದೊಡ್ಡವಳಾಗಿದ್ದಳು. ನೀರೆರೆಯುವ ದಿನ ಸೋದರಮಾವ ಮೆರವಣಿಗೆಯಲ್ಲಿ ಸೀರೆ, ಬಳೆ, ಹಣ್ಣಿನ ತಟ್ಟೆಗಳನ್ನು ಹೊತ್ತು ತರಬೇಕು. ನಮ್ಮ ಕಡೆ ಅದಕ್ಕೆ ಸೀರು ಎನ್ನುತ್ತಾರೆ. ತಾಯಿಗೆ ಒಡಹುಟ್ಟಿದವರಿಲ್ಲವಲ್ಲ, ಸೋದರಮಾವ ಯಾರು? ಇವರೇ. ನಮಗೆ ಇರುವುದು ಒಬ್ಬಳೇ ಮಗಳು, ದಿಂಡಿಗಲ್ಲಿಗೆ ಕೊಟ್ಟಿದ್ದೇವೆ. ಗಂಡುಮಗ ಇದ್ದಿದ್ದರೆ ಮನೆಯ ಜತೆ ಅವನನ್ನೂ ಆ ಹುಡುಗಿಗೆ ಬಿಟ್ಟು ಬರುತ್ತಿದ್ದರು.

ಸೀರಿನ ದಿನ ನಾನೂ ಹೋದೆ. ಕಾಂಪೌಂಡ್ ಗೋಡೆಯ ಮೇಲೆ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ನನ್ನ ಗಂಡ ತಂಪು ಕನ್ನಡಕ ಹಾಕಿಕೊಂಡು ಕೈಮುಗಿದು ನಿಂತಿದ್ದರು, ಕೆಳಗೆ ತಮಿಳಿನಲ್ಲಿ 'ತಾಯ್‌ಮಾಮನ್', ಎಂದರೆ ಸೋದರಮಾವ. ತಮ್ಮದೇ ಮನೆಯ ಗೋಡೆಯ ಮೇಲೆ ಬೇರೆಯವರ ಖರ್ಚಿನಲ್ಲಿ ಕೈಮುಗಿಯುವ ಭಾಗ್ಯ ಎಷ್ಟು ಜನರಿಗುಂಟು! ಫ್ಲೆಕ್ಸ್‌ನ ಖರ್ಚೂ ಇವರದೇ ಎಂದು ಆಮೇಲೆ ತಿಳಿಯಿತು. ಒಳಗೆ ನನ್ನ ಅಡುಗೆಮನೆಯ ಪೂರ್ವದ ಕಿಟಕಿಗೆ ನೂಲಿನ ಮೂಟೆ ಒಟ್ಟಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಊಟಕ್ಕೆ ಬಂದಿದ್ದ ನಮ್ಮ ಜನದ ಹಿರಿಯರ ಮುಂದೆ ಬಾಡಿಗೆಯ ಮಾತೆತ್ತಿದೆ. ಎಲೆಯಿಂದ ತಲೆ ಎತ್ತದೆಯೇ ಒಬ್ಬರು ತೀರ್ಪು ಕೊಟ್ಟರು. "ಏನಮ್ಮಾ, ಸೊಂದದಲ್ಲಿ ವಾಡಗೆ ಕೇಳ್ತಾರಾ? ಕುಲದ ಎಣ್ಣನ್ನ ಬೀದಿಗೆ ಆಕ್ತೀರಾ?"

ಸೊಂದ ಎಂದರೆ ನೆಂಟಸ್ತನ. ಸರಿ, ನೆಂಟಸ್ತನವೇ ಆಗಲಿ ಎಂದುಕೊಂಡೆ. ಅದು ಅಣ್ಣನಿಗೆ ಮಾತ್ರ ಯಾಕೆ, ಅತ್ತಿಗೆಗೂ ಉಂಟಲ್ಲ.

ಮುಂದಿನ ವಾರ ಒಂದು ಸಣ್ಣ ಲಾರಿಗೆ ನನ್ನ ಗ್ರೈಂಡರ್, ಪಾತ್ರೆ, ಚಾಪೆ, ಟ್ರಂಕು ಹೇರಿಸಿ ತೇನಿಗೆ ಹೋಗಿ ಇಳಿದೆ. ಬಾಡಿಗೆದಾರನ ಹೆಂಡತಿ ಬಾಗಿಲಿಗೆ ಬಂದು ಲಾರಿ ನೋಡಿದಳು. "ನಾದಿನಿ ಮನೇಲಿ ನಾಕು ದಿನ ಇದ್ದು ಓಗಾಣ ಅಂತ ಬಂದೆ," ಅಂದೆ. ಅಣ್ಣಾ ಎಂದ ಬಾಯಲ್ಲಿ ಬೇಡ ಎನ್ನಲಾಗುತ್ತದೆಯೇ? "ಬನ್ನಿ ಅತ್ತಿಗೇ, ನಿಮ್ಮ ಮನೆಯೇ ಅಲ್ವಾ," ಅಂದಳು. ಅವಳು ಆಡಿದ ಮಾತುಗಳಲ್ಲಿ ನಿಜ ಅದೊಂದೇ.

ನಾನು ಅಡುಗೆಮನೆ ಹಿಡಿದರೆ ಅವಳು ಜಗಳಕ್ಕೆ ಬರುತ್ತಾಳೆ ಎಂದು ನನ್ನ ಲೆಕ್ಕ. ಅವಳು ಸಂತೋಷವಾಗಿ ಸೌಟು ನನ್ನ ಕೈಗೆ ಕೊಟ್ಟು ಟಿವಿ ಮುಂದೆ ಕೂತಳು. ಒಂದು ವಾರ ಅವರಿಗೆಲ್ಲ ಬೇಯಿಸಿ ಹಾಕಿದೆ. ಮಾಪ್ಳೆ ಎರಡು ಸಲ ಬಡಿಸಿಕೊಂಡು, "ಉಪ್ಪು ಒಂಚೂರು ಕಮ್ಮಿ ಅಕ್ಕಾ," ಅಂದ. ಹನ್ನೊಂದು ಜನರಿಂದ ತಪ್ಪಿಸಿಕೊಂಡು ಬಂದು, ನನ್ನ ಮನೆಯಲ್ಲಿ, ನನ್ನ ಗ್ಯಾಸಿನಲ್ಲಿ, ನನಗೇ ಬಾಡಿಗೆ ಬಾಕಿ ಇಟ್ಟವನಿಗೆ ಉಪ್ಪು ಹಾಕುತ್ತಿದ್ದೆ.

ಮರುದಿನ ಬೆಳಿಗ್ಗೆ ಮೂಟೆಗಳನ್ನೆಲ್ಲ ಹಜಾರಕ್ಕೆ ಎಳೆದು ಹಾಕಿದೆ. ಅಡುಗೆಮನೆಗೆ ಬೀಗ ಜಡಿದು ಕೀಲಿಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡೆ. ಗೇಟಿನ ಹೊರಗೆ, ಗಂಡನ ಫ್ಲೆಕ್ಸ್ ಕೆಳಗೆ ಕುರ್ಚಿ ಹಾಕಿ ಕೂತು ಹೋಟೆಲಿನಿಂದ ತರಿಸಿದ ಇಡ್ಲಿ ಪೊಟ್ಟಣ ಬಿಚ್ಚಿದೆ. ಬೀದಿಯವರು ನಿಂತು ಕೇಳಿದರು. ಎಲ್ಲರಿಗೂ ತಮಿಳಿನಲ್ಲಿ, ಮೆತ್ತಗೆ, ಒಂದೇ ಉತ್ತರ ಕೊಟ್ಟೆ. ಇದು ನನ್ನ ನಾದಿನಿಯ ಮನೆ, ಬಾಡಿಗೆ ಕೇಳಬಾರದು, ಹಾಗಾಗಿ ನಾನು ಹೊರಗೆ ತಿನ್ನುತ್ತಿದ್ದೇನೆ. ಮಧ್ಯಾಹ್ನ ಅಲ್ಲೇ ಪರೋಟ ತಿಂದೆ. ಮಾರನೆಯ ದಿನವೂ ಅಲ್ಲೇ ಕೂತೆ. ಯಾರೋ ಪುಣ್ಯಾತ್ಮರು ಪಟ ತೆಗೆದು ನಮ್ಮ ಜನದ ಗುಂಪಿಗೆ ಹಾಕಿದರು.

ಕುಲದ ಹೆಣ್ಣು ಬೀದಿಗೆ ಬೀಳಬಾರದು ಎಂದ ಹಿರಿಯರಿಗೆ, ಕುಲದ ಸೊಸೆ ಬೀದಿಯಲ್ಲಿ ಕೂತು ಪರೋಟ ತಿನ್ನುವುದು ಇನ್ನೂ ದೊಡ್ಡ ಅವಮಾನವಾಯಿತು. ಇವರಿಗೆ ಫೋನ್ ಮೇಲೆ ಫೋನ್. "ಮೊದಲು ಆಯಮ್ಮನ್ನ ಒಳಗೆ ಕಳಿಸಪ್ಪಾ." ಇವರು ನನ್ನೊಡನೆ ಮಾತಾಡಲು ಬಂದರು. ನಾನು ಪೊಟ್ಟಣದಿಂದ ಒಂದು ವಡೆ ಕೊಟ್ಟೆ. ಪಕ್ಕದಲ್ಲಿ ನಿಂತು ತಿಂದರು, ತಲೆಯ ಮೇಲೆ ಅವರದೇ ಫ್ಲೆಕ್ಸ್.

ಕಡೆಗೆ ಎಲೆಯಿಂದ ತಲೆ ಎತ್ತದಿದ್ದ ಆ ಹಿರಿಯರೇ ಆಂಡಿಪಟ್ಟಿಯಲ್ಲಿ ಖಾಲಿ ಬಿದ್ದಿದ್ದ ತಮ್ಮ ಮನೆಯನ್ನು ಮಾಪ್ಳೆಯ ಸಂಸಾರಕ್ಕೆ ಬಿಟ್ಟುಕೊಡಬೇಕಾಯಿತು. ಆ ಹಿರಿಯರದೂ ಅದೇ ಕುಲ, ಬೇಡ ಎನ್ನಲು ದಾರಿ ಇರಲಿಲ್ಲ. ಬಾಡಿಗೆ ಬರುತ್ತಿದೆಯೇ ಎಂದು ನಾನು ಕೇಳಿಲ್ಲ. ಸೊಂದದಲ್ಲಿ ಅಂಥದ್ದೆಲ್ಲ ಕೇಳಬಾರದು. ಹೋಗುವಾಗ ಮಾಪ್ಳೆ ಫ್ಯಾನುಗಳನ್ನು ಬಿಚ್ಚಿಕೊಂಡು ಹೋದ. ಆ ಹುಡುಗಿ ಮಾತ್ರ ಬಂದು, "ಬರ್ತೀನಿ ಅತ್ತೇ," ಅಂದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ.

ಇವರೂ ಹೊರಟರು, ದ್ರಾಕ್ಷಿಗೆ ಔಷಧಿ ಹೊಡೆಸಬೇಕಿತ್ತು. "ಅಲ್ಲಿ ಅಡುಗೆಗೆ ಯಾರೂ ಇಲ್ಲ, ಯಾವತ್ತು ಬರ್ತೀಯ?" ಅಂದರು. ನೋಡೋಣ ಅಂದೆ.

ಬಾಗಿಲು ಹಾಕಿಕೊಂಡು ಅಡುಗೆಮನೆ ತೊಳೆದೆ. ಪೂರ್ವದ ಕಿಟಕಿ ತೆಗೆದೆ. ಅಕ್ಕಿಗೆ ಕೈ ಹಾಕಿದವಳು ಹಾಗೇ ನಿಂತೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಅಳೆದಿರಲಿಲ್ಲ. ಅಂದಾಜಿಗೆ ಹಾಕಿದೆ, ಕುಕ್ಕರಿನ ತುಂಬ ಅನ್ನವಾಯಿತು. ಯಾರಿಗೂ ಕೊಡಲಿಲ್ಲ. ಮಧ್ಯಾಹ್ನ ಸಾರು ಕಲಸಿ ತಿಂದೆ, ರಾತ್ರಿ ಮೊಸರು ಹಾಕಿ ತಿಂದೆ, ಮಿಕ್ಕಿದ್ದಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಕಿಟಕಿಯ ಮುಂದೆ ಕೂತು ಅದನ್ನೂ ನಾನೇ ತಿಂದೆ.